ಗುರಮ್ಮ ಹಳಿಗೆ ಹಚ್ಚಿದ ವಿಭೂತಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಬಾಗಿಲಿನಿಂದಲೋ, ಗರಗಸದಿಂದಲೋ?

ಬಾಗಿಲಿನ ಕರಡು ಹೀಗಿತ್ತು: “೨೦೧೬ರ ಬೇಸಿಗೆ. ಔರಾದ ಕಡೆಯ ನೆಲ ಬಾಯಿ ಬಿಟ್ಟು...” ಸಾಕು. ಬಾಯಿ ಬಿಟ್ಟ ನೆಲವನ್ನು ನೀವು ಬೇಕಾದಷ್ಟು ಓದಿದ್ದೀರಿ. ಹರಿದುಹಾಕಿದೆ. ಗರಗಸದಿಂದಲೇ ಆಗಲಿ.

೨

ಬೀದರದ ಗಾಂಧಿ ಗಂಜದ ಹಿಂದೆ ಗೌಸೋದ್ದೀನನ ಹಾರ್ಡ್‌ವೇರ್ ಅಂಗಡಿ. ಭಾಲ್ಕಿಯ ಟೇಲರ್ ಶಿವರಾಜಪ್ಪ ಅಲ್ಲಿ ಟ್ರ್ಯಾಕ್ ಸಾ ನೋಡುತ್ತಿದ್ದಾನೆ. ಹಗಲು ಬಟ್ಟೆ, ಬಿಡುವಿನಲ್ಲಿ ಕಟ್ಟಿಗೆ: ಅವನ ಖಯಾಲಿ ಅದು. (ಗೊತ್ತಿಲ್ಲದವರಿಗೆ: ಅಲ್ಯುಮಿನಿಯಂ ಹಳಿಯೊಂದನ್ನು ಹಲಗೆಯ ಮೇಲೆ ಮಲಗಿಸಿ, ಅದರ ಮೇಲೆ ಕರೆಂಟಿನ ಗರಗಸವನ್ನು ರೈಲಿನಂತೆ ಓಡಿಸುವುದು. ಕೈ ನಡುಗಿದರೂ ಗೆರೆ ನಡುಗುವುದಿಲ್ಲ. ನನಗೂ ಹೋದ ವಾರದವರೆಗೆ ಗೊತ್ತಿರಲಿಲ್ಲ, ವಿಡಿಯೋ ನೋಡಿ ಕಲಿತೆ.)

“ಬ್ಯಾಟರಿದು ತಗೋರಿ ಮಾಸ್ಟರ್. ಕರೆಂಟ್ ಹೋದ್ರೂ ಓಡ್ತದ.”

“ಚಾರ್ಜ್ ಮಾಡ್ಲಾಕ ಕರೆಂಟ್ ನಿಮ್ಮ ದುಕಾನದಿಂದ ಒಯ್ಲೇನು? ವಾಯರಿಂದೇ ಕೊಡ್ರಿ. ಬ್ಲೇಡಿಗಿ ಹಲ್ಲು ಜಾಸ್ತಿ ಇರ್ಲಿ, ಅಂಚಿಗಿ ಸಿಬರು ಏಳಬಾರ್ದು.”

“ಹಳಿ? ಉದ್ದಂದು ಒಂದೋ, ಗಿಡ್ಡವು ಎರಡೋ?”

ಕೊಯ್ಯಬೇಕಾದ ಬಾಗಿಲಿನ ಉದ್ದ ಆರು ಅಡಿ. ಗಿಡ್ಡ ಹಳಿಗಳನ್ನು ಜೋಡಿಸಿದರೆ ಜೋಡಣೆಯಲ್ಲಿ ಸೊಟ್ಟಾಗುವ ಭಯ. ಹಾಗಾಗಿ ನಾನು “ಶಿವರಾಜಪ್ಪ ಉದ್ದದ ಹಳಿ ಕೊಂಡ” ಎಂದು ಬರೆದೆ. ಅವನು ತಿರುಗಿ ನನ್ನನ್ನೇ ನೋಡಿದ.

“ಏನ್ರಿ ಬರಿಯೋರೆ, ಇದನ್ನ ಭಾಲ್ಕಿ ಬಸ್ಸಿನಾಗ ಎಲ್ಲಿ ಇಡ್ಲಿ? ಕಂಡಕ್ಟರನ ತಲಿ ಮ್ಯಾಲ?”

“ಕಥೆಯಲ್ಲಿ ಬಸ್ಸು ನಾನು ಹೇಳಿದಷ್ಟು ಉದ್ದ ಇರುತ್ತದೆ.”

“ಇರ್ಲಿ. ಪುಣೆ ಗಾಡಿ ಹಿಡಿಲಾಕ ಭಾಲ್ಕಿ ಸ್ಟೇಷನ್ನಿಗಿ ಹೊಂಟೋರ ಗಂಟು ಇದಕ್ಕ ಜಾಗ ಮಾಡ್ಲಾಕ ಯಾರು ಇಳಸ್ತಾರ? ನೀವೋ?”

ಗಿಡ್ಡ ಹಳಿ ಎರಡು ಕೊಂಡ. ಅಲ್ಲೇ ಜೋಡಿಸಿ, ಜೇಬಿನಿಂದ ಹೊಲಿಗೆಯ ದಾರ ತೆಗೆದು ಅಂಚಿನುದ್ದಕ್ಕೂ ಎಳೆದು ನೋಡಿದ. ಸೊಟ್ಟ ಇರಲಿಲ್ಲ. ಸೋತೆ, ಮುಂದಕ್ಕೆ ಹೋಗುತ್ತೇನೆ.

೨ (ಮತ್ತೆ)

ಬಾಗಿಲು ಅವನದಲ್ಲ. ಇದನ್ನು ಮೊದಲೇ ಹೇಳಬೇಕಿತ್ತು.

ಅದು ಡಾಬಕಾದ ಶಾಲುಬಾಯಿಯದು. ಅವಳೂ ಶಿವರಾಜಪ್ಪನ ಹೆಂಡತಿ ಗುರಮ್ಮನೂ ಒಂದೇ ಹಾಸ್ಟೆಲಿನಲ್ಲಿ ಓದಿದವರು. ಗಂಡ ಮಚ್ಛೇಂದ್ರನೊಡನೆ ಪುಣೆಗೆ ಗುಳೆ ಹೋಗುವಾಗ ಶಾಲುಬಾಯಿ ಬೇವಿನ ಬಾಗಿಲನ್ನು ಬಿಚ್ಚಿ ತಂದು ಗೆಳತಿಯ ಮನೆಯಲ್ಲಿಟ್ಟಳು. ಖಾಲಿ ಮನೆಗೆ ಬಾಗಿಲು ಬಿಟ್ಟು ಹೋದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಚೌಕಟ್ಟನ್ನು ಗೆದ್ದಲು ತಿಂದಿತು. ಮೈದುನ ಗೋರಖನಾಥ ಹೊಸದು ಕೂರಿಸಿದ, ಅದು ಹೆಬ್ಬೆರಳಿನ ಅಗಲದಷ್ಟು ಕಿರಿದಾಯಿತು. ಹೊಸ ಅಗಲ ತೋರಿಸಲು ದಾರಕ್ಕೆ ಎರಡು ಗಂಟು ಹಾಕಿ ಅಳತೆ ಕಳಿಸಿದ. ಶಾಲುಬಾಯಿ ಮಳೆಗಾಲಕ್ಕೆ ಬರುವುದರೊಳಗೆ ಬಾಗಿಲು ಕೊಯ್ದಿಡಬೇಕು. ಭಾಲ್ಕಿಯ ಬಡಿಗರೂ ಹೈದರಾಬಾದಿಗೆ ಹೋಗಿಬಿಟ್ಟಿದ್ದರು.

“ಬಟ್ಟಿಯಾಗಾದ್ರ ಒಳಗ ಮಾರ್ಜಿನ್ ಬಿಡತೇನಿ,” ಎಂದ ಶಿವರಾಜಪ್ಪ. “ಕಟ್ಟಿಗಿಗಿ ಎಲ್ಲಿಂದ ಬಿಡ್ಲಿ?”

೪

(ಮೂರು ಇಲ್ಲ. ಅದರಲ್ಲಿ ಬರೀ ಬ್ಲೇಡಿನ ವರ್ಣನೆ ಇತ್ತು.)

ಆ ಮನೆಯಲ್ಲಿ ವಿಭೂತಿ ಬೀಳದೆ ಹೊಸ ವಸ್ತು ಕೆಲಸಕ್ಕಿಳಿಯುವುದಿಲ್ಲ. ಮಿಕ್ಸರಿಗೂ ಹಚ್ಚಿದ್ದಾರೆ, ಮೊಬೈಲಿಗೂ. ಗುರಮ್ಮ ಗರಗಸಕ್ಕೆ ಹಚ್ಚಿದಳು. ಹಳಿಯ ಮುಂದೆ ಕೂತು ಯೋಚಿಸಿದಳು: ಮೇಲೆ ಹಚ್ಚಿದರೆ ಮಶೀನು ಓಡುವಾಗ ಜಾರೀತು. ಪಾಪ, ಅದಕ್ಕೇ ಹಳಿಯನ್ನು ಮಗುಚಿ, ಕೆಳಗಿನ ಕಪ್ಪು ರಬ್ಬರ್ ಪಟ್ಟಿಗಳ ಮೇಲೆ ಮೂರು ಬೆರಳಿನಿಂದ ಉದ್ದಕ್ಕೂ ಎಳೆದಳು. ಧಾರಾಳವಾಗಿ.

(ಆ ಪಟ್ಟಿ ಇರುವುದೇ ಹಲಗೆಯನ್ನು ಗಟ್ಟಿಯಾಗಿ ಹಿಡಿಯಲು. ನನಗೆ ಗೊತ್ತಿತ್ತು. ಕೂಗಿ ಹೇಳಬಹುದಿತ್ತು. ಹೇಳಿದ್ದರೆ ನೀವು ಇಲ್ಲಿಯವರೆಗೆ ಬಂದು ಏನು ಮಾಡುತ್ತಿದ್ದಿರಿ?)

ರಬ್ಬರ್ ಸಾಕು, ಹಳಿಯನ್ನು ಹಲಗೆಗೆ ಬಿಗಿಯುವ ಶಿಕಂಜೆ ಬೇಡ ಎಂದು ಗೌಸೋದ್ದೀನ ಹೇಳಿದ್ದ. ಗರಗಸ ಅರ್ಧದವರೆಗೆ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಆಮೇಲೆ ಹಳಿ ಒಳಕ್ಕೆ ಸರಿಯಿತು.

“ಏನಾಯ್ತ್ರಿ?”

“ಜಾರ್ತು.” ಅವನು ಹಳಿ ಮಗುಚಿದ. “ಇದ್ಯಾರು ಹಚ್ಯಾರ?”

“ಯಾರು ಹಚ್ಚತಾರ? ನಿಮ್ಮ ಬೆರಳು ಉಳೀಲಿ ಅಂತ ನಾನೇ ಹಚ್ಚೀನಿ. ಉಳದಾವೋ ಇಲ್ಲೋ?”

ಅವನು ಕೈ ನೋಡಿಕೊಂಡ. ಉಳಿದಿದ್ದವು. ಬಾಗಿಲಿನ ಕೆಳಗಿನರ್ಧ ಮಾತ್ರ ಜೋಳದ ಕಾಳಿನಷ್ಟು ಹೆಚ್ಚು ಹೋಗಿತ್ತು.

೫, ಅಂದರೆ ಅಂತ್ಯಗಳು

ಅ) ಕಟ್ಟಿಗೆಯ ಪಟ್ಟಿ ಅಂಟಿಸಿ ಬಣ್ಣ ಬಳಿ ಎಂದೆ. “ಹೊಸ ಅಂಗಿಗಿ ತ್ಯಾಪಿ ಹಚ್ಚಿ ಕೊಡು ಅಂತೀರಿ,” ಎಂದ. ಆ ಅಂತ್ಯ ಬಿದ್ದುಹೋಯಿತು.

ಆ) ಶಾಲುಬಾಯಿ ಬಂದು ಸಿಟ್ಟಾಗುತ್ತಾಳೆ, ಮೂವತ್ತು ವರ್ಷದ ಸ್ನೇಹ ಮುರಿಯುತ್ತದೆ. ಇದನ್ನು ಬರೆಯುತ್ತಿರುವಾಗಲೇ ಗುರಮ್ಮ ಪುಣೆಗೆ ಫೋನ್ ಹಚ್ಚಿಬಿಟ್ಟಳು.

“ನಮ್ಮ ಬಾಗಿಲ ಕೊಯ್ಲಾಕ ನಿಮ್ಮ ದೇವರ ಬೂದಿ ಯಾಕ ಬೇಕಿತ್ತs ಗುರಮ್ಮ?” ಅತ್ತಲಿಂದ ನಗು. ನಗು ನಿಂತಿತು. “ಎಷ್ಟು ಹೋಗ್ಯಾದ?”

“ಜ್ವಾಳದ ಕಾಳಿನಷ್ಟು.”

“ಆ ಬಾಗಿಲ ಮಳಿಗಾಲದಾಗ ಉಬ್ಬಿ, ಒದ್ದರೂ ತೆರೀತಿದ್ದಿಲ್ಲ. ಮಳಿ ಇಲ್ದ ಈಗ ಒಣಗಿ ಸಣ್ಣಾಗ್ಯಾದ. ಮಳಿ ಬಿದ್ರ ಕಾಳು ತುಂಬ್ಕೋತದ ತಗೊ.”

“ಬೀಳಲಿಲ್ಲಂದ್ರ?”

“ಬೀಳಲಿಲ್ಲಂದ್ರ ನಾ ಯಾಕ ಬರ್ಲಿ?”

(ಮೇಲಿನರ್ಧ ಆಗ ಬಿಗಿಯಾಗುತ್ತದಲ್ಲ ಎನ್ನುವ ಲೆಕ್ಕದ ಓದುಗರೇ, ನಿಜ. ಅದಕ್ಕೆ ಕಟ್ಟಿಗೆ ನಯಮಾಡುವ ರಂದಾ ಇದೆ. ಇದ್ದದ್ದನ್ನು ಹೆರೆಯಬಹುದು.)

ಇ) ನಾನು ಮಳೆ ತರಬಲ್ಲೆ. ಒಂದೇ ಸಾಲು ಸಾಕು. ಪೆನ್ನು ಎತ್ತಿದೆ.

“ಬ್ಯಾಡ್ರಿ,” ಎಂದ ಶಿವರಾಜಪ್ಪ. “ನೀವು ಬರ್ದ ಮಳಿಗಿ ಕಟ್ಟಿಗಿ ಉಬ್ಬಂಗಿಲ್ಲ. ಆಕಿ ನಿಮ್ಮ ಮಾತು ನಂಬಿ ಗಾಡಿ ಹತ್ತಿ ಬಂದ್ಬಿಟ್ಟಾಳು.”

ಆ ವರ್ಷ ಮಳೆ ಏನಾಯಿತೆಂದು ನಿಮಗೆ ಗೊತ್ತಿರಬಹುದು. ದಯವಿಟ್ಟು ಅವರಿಗೆ ಹೇಳಬೇಡಿ. ಇಲ್ಲಿ ಇನ್ನೂ ಮೇ ತಿಂಗಳು.

ಬಾಗಿಲು ಗೋಡೆಗೆ ಒರಗಿದೆ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಶಿವರಾಜಪ್ಪ ಕೆಳಗಿನರ್ಧಕ್ಕೆ ಡಾಬಕಾದ ದಾರ ಹಿಡಿಯುತ್ತಾನೆ. ಗಂಟಿಗೂ ಅಂಚಿಗೂ ನಡುವಿನ ಸಂದಿನಲ್ಲಿ ಗುರಮ್ಮ ಒಂದು ಜೋಳದ ಕಾಳು ಇಡುತ್ತಾಳೆ. ಕಟ್ಟಿಗೆ ಕೂದಲೆಳೆಯಷ್ಟು ಉಬ್ಬಿದ್ದರೂ ಕಾಳು ಸಂದಿನಲ್ಲಿ ಸಿಕ್ಕಿ ನಿಲ್ಲಬೇಕು.

ಇವತ್ತೂ ಕಾಳು ಕೆಳಗೆ ಬಿತ್ತು. ಅವಳು ಅದನ್ನು ಹೆಕ್ಕಿ, ಸೆರಗಿನ ತುದಿಗೆ ಕಟ್ಟಿಕೊಂಡಳು.