ಸಾಹೇಬ ಮರೆತ ಸಿಳ್ಳೆ

ಪಂಜರದ ಹಳದಿ ಕ್ಯಾನರಿ ಹಕ್ಕಿಗೆ ಸಾಹೇಬ ಎಂದು ಹೆಸರಿಟ್ಟವಳು ಅಮ್ಮ. ಕಾಳು ತಿಂದು ಸಿಪ್ಪೆಯನ್ನು ನೆಲಕ್ಕೆ ಉಗಿದು, ಗುಡಿಸುವವರು ಬರಲಿ ಎಂಬಂತೆ ಕತ್ತೆತ್ತಿ ಕೂರುವ ಅದರ ಗತ್ತಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಅಮ್ಮ ಬಟ್ಟೆ ಹೊಲಿಯುವವಳು. ಕಿಟಕಿ ಪಕ್ಕದ ಮಿಷನ್ನಿನ ಮುಂದೆ ದಿನವಿಡೀ ಕೂತು ಪೆಡಲ್ ತುಳಿಯುತ್ತಾ ತನ್ನದೇ ಒಂದು ಪುಟ್ಟ ಸಿಳ್ಳೆ ಹಾಕುತ್ತಿದ್ದಳು. ಅದು ಯಾವ ಹಾಡಿನದೂ ಅಲ್ಲ, ಯಾರೂ ಕಲಿಸಿದ್ದಲ್ಲ. ಕೇಳಿ ಕೇಳಿ ಸಾಹೇಬನಿಗೂ ಬಾಯಿಗೆ ಬಂದಿತ್ತು. ಅಮ್ಮ ತೀರಿಕೊಂಡ ಮೇಲೆ ಆ ಸಿಳ್ಳೆ ಉಳಿದದ್ದು ಅದೊಂದರ ಗಂಟಲಲ್ಲಿ ಮಾತ್ರ. ಬಸ್ಸು ಓಡಿಸಿ ನಿವೃತ್ತನಾದ ಅಪ್ಪ ಬೆಳಿಗ್ಗೆ ಎದ್ದವನೇ ಪಂಜರದ ಬಟ್ಟೆ ಸರಿಸಿ, ಸಿಳ್ಳೆ ಕೇಳಿಸಿಕೊಂಡು, ಆಮೇಲೆ ಮುಖ ತೊಳೆಯಲು ಹೋಗುತ್ತಿದ್ದ.

ಅಂಥ ಹಕ್ಕಿಯ ಕಾಳಿಗೆ ಮಗಳು ಅಪ್ಪನ ಕಣ್ಣು ತಪ್ಪಿಸಿ ಮೀನೆಣ್ಣೆ ಬೆರೆಸಿದಳು.

ಒಳ್ಳೆಯದಕ್ಕೇ ಬೆರೆಸಿದ್ದು, ಅದನ್ನು ಮೊದಲೇ ಹೇಳಿಬಿಡಬೇಕು. ಗರಿ ಉದುರುವ ಕಾಲ ಬಂದು ಸಾಹೇಬನ ಗತ್ತೆಲ್ಲ ಇಳಿದುಹೋಗಿತ್ತು. ಕುತ್ತಿಗೆ ಬೋಳು, ಕಣ್ಣು ಮಂಕು, ಗಂಟಲಿಗೆ ಬೀಗ. ಇದು ಪ್ರತಿ ವರ್ಷದ ಕಥೆಯೇ. ಆದರೆ ಅಮ್ಮ ಇಲ್ಲದ ಮೊದಲ ವರ್ಷ ಇದು. ಹಕ್ಕಿ ಸುಮ್ಮನಾದದ್ದೇ ಅಪ್ಪನೂ ಸುಮ್ಮನಾದ, ತಟ್ಟೆಯ ಮುಂದೆ ಕೂತು ಎದ್ದು ಹೋಗತೊಡಗಿದ. ಏನಾದರೂ ಔಷಧಿ ಕೊಡೋಣವೆಂದರೆ ಒಪ್ಪಲಿಲ್ಲ. ನಿಮ್ಮಮ್ಮ ಅದಕ್ಕೆ ಕಾಳು ಬಿಟ್ಟು ಬೇರೇನೂ ಕೊಟ್ಟವಳಲ್ಲ, ನಿನ್ನ ಇಲಿಗಳ ವಿದ್ಯೆ ಇಲ್ಲಿ ಬೇಡ ಎಂದ.

ಇಲಿಗಳ ವಿದ್ಯೆ ಎಂದರೆ ಮಗಳ ಹೊಟ್ಟೆಪಾಡು. ಪ್ರಯೋಗಾಲಯದಲ್ಲಿ ಇಲಿಗಳಿಗೆ ಬಗೆಬಗೆಯ ಕೊಬ್ಬು ತಿನ್ನಿಸಿ, ಆಮೇಲೆ ಅವುಗಳ ಮೆದುಳಿನ ತೆಳುಚೂರುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಹೊಸದಾಗಿ ಹುಟ್ಟಿದ ಜೀವಕೋಶಗಳನ್ನು ಎಣಿಸುವುದು ಅವಳ ಕೆಲಸ. ಬೆಳೆದ ಇಲಿಯ ಮೆದುಳಿನಲ್ಲೂ, ನೆನಪು ಕೂಡುವ ಜಾಗದಲ್ಲಿ, ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಹುಟ್ಟಿದ್ದರಲ್ಲಿ ಬಹಳಷ್ಟು ನೆಲೆ ಸಿಗದೆ ಸಾಯುತ್ತವೆ. ಮೀನೆಣ್ಣೆಯಲ್ಲಿರುವ ಕೊಬ್ಬಿನಾಮ್ಲ ಆ ಕೋಶಗಳ ಹೊರಪದರ ಕಟ್ಟಲು ಬೇಕಾದ ಸರಕು. ಅದನ್ನು ತಿಂದ ಇಲಿಗಳಲ್ಲಿ ಹೆಚ್ಚು ಕೋಶಗಳು ಬದುಕಿಕೊಳ್ಳುತ್ತಿದ್ದವು. ಕಪ್ಪು ತೆರೆಯ ಮೇಲೆ ಹಸಿರು ಚುಕ್ಕಿಗಳಾಗಿ ಅವು ಮಿನುಗುವುದನ್ನು ನೋಡಿದಾಗಲೆಲ್ಲ, ತಾನೇ ಹೆತ್ತವಳಂತೆ ಬೀಗುತ್ತಿದ್ದಳು. ಒಂದು ಸಂಜೆ ಬಾಟಲಿಯ ತಳದಲ್ಲಿ ಉಳಿದ ಎಣ್ಣೆ ಅವಳ ಚೀಲದಲ್ಲಿ ಮನೆಗೆ ಬಂತು.

ಎಣ್ಣೆ ಕೆಲಸ ಮಾಡಿತೋ, ಕಾಲವೇ ಮಾಡಿತೋ, ಸಾಹೇಬ ಚಿಗುರಿಕೊಂಡ. ಹೊಸ ಗರಿ ಜರಿಯಂತೆ ಹೊಳೆಯಿತು. ಚಳಿ ಶುರುವಾಗುವ ಹೊತ್ತಿಗೆ ಹಾಡೂ ಹೊರಟಿತು, ಅದೂ ಎಂಥ ಹಾಡು! ಕೆಳಮನೆಯವರು ಮೆಟ್ಟಿಲಲ್ಲಿ ನಿಂತು ಕೇಳಿ, ಹೊಸ ಹಕ್ಕಿ ತಂದಿರಾ ಎಂದು ವಿಚಾರಿಸಿದರು. ಮಗಳು ಒಳಗೊಳಗೇ ಹಿಗ್ಗಿದಳು. ಹಿಗ್ಗು ಬಹಳ ದಿನ ಉಳಿಯಲಿಲ್ಲ. ಹೊಸ ಹಾಡಿನಲ್ಲಿ ಗಿರಕಿಗಳಿದ್ದವು, ಏರಿಳಿತಗಳಿದ್ದವು, ಅಮ್ಮನ ಸಿಳ್ಳೆ ಮಾತ್ರ ಇರಲಿಲ್ಲ.

ಅಪ್ಪ ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಕಾದ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಹಾಡಿನ ಸಂದುಗೊಂದುಗಳಲ್ಲೆಲ್ಲ ಕಿವಿಯಿಟ್ಟು ಹುಡುಕಿದ.

ಮಗಳಿಗೆ ಕಾಯುವುದೇನೂ ಉಳಿದಿರಲಿಲ್ಲ. ಕೇಳಿದ ಮೊದಲ ದಿನವೇ ಅರ್ಥವಾಗಿತ್ತು. ಕ್ಯಾನರಿ ವರ್ಷಕ್ಕೊಮ್ಮೆ ಹಾಡು ಬದಲಿಸುತ್ತದೆ, ಆಗ ಅದರ ಮೆದುಳಿನ ಹಾಡಿನ ಭಾಗದಲ್ಲಿ ಹಳೆ ಕೋಶಗಳು ಹೋಗಿ ಹೊಸವು ಬರುತ್ತವೆ ಎಂದು ಅವಳು ಓದಿದ್ದಳು. ಪ್ರಯೋಗಾಲಯದಲ್ಲಿ ಅವಳ ಪಕ್ಕದ ಮೇಜಿನವನ ಇಲಿಗಳಂತೂ, ಹೊಸ ಕೋಶ ಹೆಚ್ಚಾದಂತೆ, ಕಲಿತ ಹಾದಿಯನ್ನೇ ಮರೆತು ಗೋಡೆಗೆ ಮೂತಿ ಒರೆಸುತ್ತಾ ನಿಂತಿದ್ದವು. ತುಂಬಿದ ಮನೆಗೆ ಹೊಸಬರು ಬಂದರೆ ಹಳೆ ಸಾಮಾನು ಹೊರಗೆ ಹೋಗಲೇಬೇಕು. ಇಷ್ಟೆಲ್ಲ ತಿಳಿದವಳಿಗೆ ಚಮಚ ಹಿಡಿದ ಹೊತ್ತಿನಲ್ಲಿ ಒಂದೂ ಹೊಳೆಯಲಿಲ್ಲ. ಎಣ್ಣೆ ಹಾಕದಿದ್ದರೂ ಮರೆಯುತ್ತಿತ್ತೇನೋ. ಅಮ್ಮ ಇದ್ದಾಗ ವರ್ಷವರ್ಷವೂ ಅವಳೇ ಕೂತು ಮತ್ತೆ ಕಲಿಸುತ್ತಿದ್ದಳೇನೋ. ಹೋಲಿಸಿ ನೋಡಲು ಇನ್ನೊಬ್ಬ ಸಾಹೇಬ ಇರಲಿಲ್ಲ. ಈ ವಾದವನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ತಾನೇ ಒಪ್ಪಲಾಗಲಿಲ್ಲ.

ಅವಳನ್ನು ನಿಜಕ್ಕೂ ಕೊಂದದ್ದು ಅಪ್ಪನ ಮಾತು. ಅಮ್ಮ ಹೋದ ಹೊಸದರಲ್ಲಿ ಕೆಲವು ಬೆಳಿಗ್ಗೆ ಆ ಸಿಳ್ಳೆ ಕೇಳಲಾರದೆ ಅವನು ಬಟ್ಟೆಯನ್ನು ಮತ್ತೆ ಪಂಜರದ ಮೇಲೆ ಎಳೆದಿದ್ದನಂತೆ. "ನನ್ನದೇ ತಪ್ಪು ಪುಟ್ಟಿ," ಎಂದ. "ಹಾಡ್ತಾ ಇದ್ದದ್ದನ್ನ ಬಾಯಿ ಮುಚ್ಚಿಸ್ಬಿಟ್ಟೆ. ಅದಕ್ಕೆ ಬೇಜಾರಾಗಿ ಮರೆತುಬಿಡ್ತು." ಮಗಳು ತಪ್ಪನ್ನು ಅವನ ಹೆಗಲ ಮೇಲೆ ಹಾಗೇ ಬಿಟ್ಟು ಕೆಲಸಕ್ಕೆ ಹೋದಳು. ದಿನಗಟ್ಟಲೆ ಬಿಟ್ಟಿದ್ದಳು, ನಾಚಿಕೆಗೇಡು.

ಕೊನೆಗೆ ಒಂದು ಭಾನುವಾರ ಅಪ್ಪ ಹಕ್ಕಿಗೆ ಕಲಿಸಲು ಹೊರಟ. ಕಟ್ಟಿಸಿದ ಹಲ್ಲಿನ ಸಂದಿನಿಂದ ಬರೀ ಗಾಳಿ ಬಂತು. ಹಲ್ಲು ತೆಗೆದಿಟ್ಟು ಊದಿದ, ಆಗ ಗಾಳಿಯೂ ನೆಟ್ಟಗೆ ಬರಲಿಲ್ಲ. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಮಗಳು ಎಣ್ಣೆ ಬಾಟಲಿ ತಂದು ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅಪ್ಪ ಬೈಯಲಿಲ್ಲ. ಬಾಟಲಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟು, ಇನ್ನು ಅದು ಕಲಿಯುವುದೇ ಇಲ್ಲವೇ ಎಂದಷ್ಟೇ ಕೇಳಿದ.

ಚಳಿ ಮುಗಿಯುವವರೆಗೂ ಕಲಿಯುತ್ತದೆ, ಆಮೇಲೆ ಹಾಡು ಗಟ್ಟಿಯಾಗಿಬಿಡುತ್ತದೆ, ಅಷ್ಟರಲ್ಲಿ ಯಾರಾದರೂ ದಿನಾ ಹೇಳಿಕೊಡಬೇಕು ಎಂದಳು.

"ಮತ್ತಿನ್ನೇನು, ನೀನೇ ಹಾಕು," ಎಂದ ಅಪ್ಪ. ಅವನ ಮುಖ ಅರಳಿತ್ತು. "ಅವಳ ಮಿಷನ್ ಕೆಳಗೇ ಆಡಿ ಬೆಳೆದವಳು ನೀನು."

ಮಗಳು ಪಂಜರದ ಹತ್ತಿರ ಮುಖ ತಂದು ತುಟಿ ಮುಂದೆ ಮಾಡಿದಳು. ಮೊದಲ ಸ್ವರ ತಾನಾಗಿ ಬಂತು. ಅದರ ಮುಂದೆ ಏನು? ಮೇಲೇರಬೇಕೋ, ಇಳಿಯಬೇಕೋ? ಹುಟ್ಟಿದಾಗಿನಿಂದ ಕೇಳಿದ ಸಿಳ್ಳೆ. ಗೆಳತಿಯರ ಮುಂದೆ ಹಾಕಬೇಡಮ್ಮಾ, ಮಾನ ಹೋಗುತ್ತೆ ಎಂದು ಗೊಣಗಿದ ಸಿಳ್ಳೆ. ಫೋನಿನಲ್ಲಿ ಮಾತಾಡುವಾಗ ಹಿಂದೆ ಕೇಳಿಸಿದರೆ, ಆ ಗಲಾಟೆ ನಿಲ್ಲಿಸು ಎಂದದ್ದೂ ಅವಳೇ. ತಡಕಾಡಿದಳು, ಸಿಗಲಿಲ್ಲ. ಅಪ್ಪ ಕಣ್ಣು ಮುಚ್ಚಿ ಕಾಯುತ್ತಿದ್ದ. ಬಾಯಿಗೆ ಬಂದದ್ದನ್ನು ಹೇಗೋ ಜೋಡಿಸಿ ಹಾಕಿಬಿಟ್ಟಳು.

"ಅದೇ," ಎಂದ ಅಪ್ಪ, ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. "ಅದೇ ಪುಟ್ಟಿ, ಒಂಚೂರೂ ತಪ್ಪಿಲ್ಲ."

ಇರಬಹುದೇನೋ ಎಂದು ಅವಳೂ ನಂಬಿದಳು. ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತು, ಬಾಗಿಲು ತೆರೆಯುವ ಮುಂಚೆ ಎಂದಿನಂತೆ ತನ್ನ ಪುಟ್ಟ ರಾಗದ ಗಂಟೆ ನುಡಿಸಿತು. ಅವಳು ನಿಂತಲ್ಲೇ ನಿಂತಳು. ಅಮ್ಮನದೆಂದು ಅವಳು ಹಾಕಿದ ಸಿಳ್ಳೆ ಅದು. ಬಾಗಿಲು ತೆರೆದು, ಕಾದು, ಮತ್ತೆ ಮುಚ್ಚಿಕೊಂಡಿತು.

ಸಂಜೆ ಹೇಳಿಯೇ ಬಿಡಬೇಕೆಂದು ಗಟ್ಟಿಮನಸ್ಸು ಮಾಡಿಕೊಂಡು ಮನೆಗೆ ಬಂದಳು. ಅಪ್ಪ ಗಡ್ಡ ಹೆರೆದು, ತಲೆ ಬಾಚಿ, ಅವಳಿಗಾಗಿ ಕುರ್ಚಿ ಎಳೆದಿಟ್ಟುಕೊಂಡು ಕಾಯುತ್ತಿದ್ದ. ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಚಳಿಗಾಲ ಪೂರ್ತಿ ಮುಂದೆ ಹೋಯಿತು. ಅಪ್ಪನ ತಲೆಯಲ್ಲಿ ಅಮ್ಮನ ಸಿಳ್ಳೆ ಒಂದು ಚೂರಾದರೂ ಉಳಿದಿದ್ದರೆ, ಅದರ ಮೇಲೆ ತಾನು ದಿನಾ ಲಿಫ್ಟಿನ ಗಂಟೆ ಬಡಿಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಇದಕ್ಕೆ ಎಣ್ಣೆಯ ನೆಪವೂ ಇರಲಿಲ್ಲ. ಗೊತ್ತಿದ್ದೂ ದಿನಾ ತುಟಿ ಮುಂದೆ ಮಾಡಿದಳು.

ಚಳಿ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಸಾಹೇಬ ಗಿರಕಿಗಳ ನಡುವೆ ಅವಳು ಕಲಿಸಿದ ಸಿಳ್ಳೆಯನ್ನು ಹಾಡಲು ಹೊರಟ. ಅಪ್ಪ ಹಲ್ಲುಜ್ಜುವ ಬ್ರಷ್ಷು ಹಿಡಿದುಕೊಂಡೇ ಓಡಿ ಬಂದ. "ಕೇಳು, ಕೇಳು, ನಿಮ್ಮಮ್ಮ," ಎಂದು ಅವಳ ಕೈ ಹಿಡಿದ. ಅಪ್ಪಾ ಎಂದು ಅವಳು ಬಾಯಿ ತೆರೆದಳು, ಅವನು ಸುಮ್ಮನಿರು ಎಂದು ಕೈಸನ್ನೆ ಮಾಡಿದ. ಕೊನೆಯ ಸ್ವರದ ಹತ್ತಿರ ಹಕ್ಕಿ ತಡವರಿಸಿ ನಿಂತಿತು. ಅಪ್ಪ ಅವಳ ಮುಖ ನೋಡಿದ. ಅವಳು ಸಿಳ್ಳೆ ಹಾಕಿ ತಿದ್ದಿದಳು.