ಪಕ್ಕದ ಸೀಟು

ಐಫೆಲ್ ಬೆಟ್ಟದ ನಮ್ಮೂರಿಗೆ ಬರುವವರೆಲ್ಲ ರೇಸಿಂಗ್ ಟ್ರ್ಯಾಕಿನಲ್ಲಿ ಕಾರು ಓಡಿಸಲಿಕ್ಕೇ ಬರುತ್ತಾರೆ. ಅಂಥವರಿಗೆ ಕೋಣೆ ಬಾಡಿಗೆಗೆ ಕೊಟ್ಟುಕೊಂಡು ರೋಸ್ವಿತಾ ಅರ್ಧ ಆಯಸ್ಸು ಕಳೆದಿದ್ದಳು. ಬೆಳಿಗ್ಗೆ ಅವರ ಮುಂದೆ ಬ್ರೆಡ್ಡು, ಹ್ಯಾಮು, ಬೇಯಿಸಿದ ಮೊಟ್ಟೆ ಇಡುತ್ತ, ಅವರ ಮಾತು ಕೇಳಿ ಕೇಳಿ ಯಾವ ತಿರುವಿನಲ್ಲಿ ಎಲ್ಲಿ ಬ್ರೇಕ್ ಹಿಡಿಯಬೇಕೆಂಬುದು ಅವಳಿಗೆ ಬಾಯಿಪಾಠವಾಗಿತ್ತು. ಆದರೆ ತಾನು ಒಂದು ಸುತ್ತೂ ಹಾಕಿದವಳಲ್ಲ. ಮಗಳು ಮರೈಕೆ ಮಾತ್ರ ಅದೇ ಟ್ರ್ಯಾಕಿನಲ್ಲಿ ಹೊಸಬರ ಪಕ್ಕ ಕೂತು ಕಲಿಸುವ ಕೆಲಸದಲ್ಲಿದ್ದಳು.

ಆ ವಸಂತದಲ್ಲಿ ಒಂದು ದಿನ ರೋಸ್ವಿತಾ ಫೋನು ಮಾಡಿ, "ನನಗೂ ಕಲಿಸ್ತೀಯೇನೇ?" ಎಂದು ಕೇಳಿದಳು.

"ಸರಿ, ಭಾನುವಾರ ಬೆಳಿಗ್ಗೆ ಬರ್ತೀನಿ. ಒಳ್ಳೇದೊಂದು ಹೆಲ್ಮೆಟ್ ತಗೊಂಡಿರು," ಎಂದಷ್ಟೇ ಹೇಳಿ ಮಗಳು ಫೋನು ಇಟ್ಟುಬಿಟ್ಟಳು.

ಒಳ್ಳೆಯದು ಎಂದರೆ ಯಾವುದು? ಪೇಟೆಯ ಅಂಗಡಿಯಲ್ಲಿ ಗೋಡೆ ತುಂಬ ಹೆಲ್ಮೆಟ್ಟುಗಳು. ಬೈಕಿನದೊಂದನ್ನು ಕೈಗೆತ್ತಿಕೊಂಡರೆ ಅಂಗಡಿಯಾಕೆ ತಡೆದಳು. "ಅದು ಬೇಡ ಮೇಡಂ, ಕಾರಿಂದೇ ತಗೊಳ್ಳಿ. ಒಳಗಿನ ಬಟ್ಟೆಗೆ ಬೆಂಕಿ ಬೇಗ ಹತ್ತಲ್ಲ."

"ಬೆಂಕೀನಾ? ನಾನು ನಿಧಾನಕ್ಕೆ ಒಂದು ಸುತ್ತು ಹೋಗಿ ಬರೋಳು ಕಣ್ರೀ!"

ಅಂಗಡಿಯಾಕೆ ನಗಲಿಲ್ಲ. ಮುಖವೆಲ್ಲ ಮುಚ್ಚುವ ಹೆಲ್ಮೆಟ್ಟೊಂದನ್ನು ಅವಳ ತಲೆಗೆ ತೊಡಿಸಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. "ಕೆನ್ನೆ ಅದುಮಬೇಕು, ಹಣೆ ನೋಯಬಾರದು. ಹ್ಞಾ, ಇದು ಸರಿ." ಕನ್ನಡಿಯಲ್ಲಿ ರೋಸ್ವಿತಾಳಿಗೆ ತನ್ನ ಬಾಯಿ ಮೀನಿನ ಬಾಯಿಯಂತೆ ಕಂಡಿತು.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಿದ್ದ ಯೋರಿಸ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನು ವರ್ಷವೂ ಬರುವ ಬೆಲ್ಜಿಯಂನ ಅತಿಥಿ. "ಮುಖ ಮುಚ್ಚೋದಾ? ಏರ್‌ಬ್ಯಾಗ್ ಇರೋ ಕಾರಿಗೆ ಮುಖ ತೆರೆದಿರೋದೇ ವಾಸಿ ಅಂತಾರಪ್ಪ. ಅದಿರ್ಲಿ, ಸೀಟು ಯಾವುದು?"

"ಕಾರಲ್ಲಿ ಇರೋದೇ."

"ಅಯ್ಯೋ ರೋಸ್ವಿತಾ! ಮೊದಲ್ನೇ ತಿರುವಲ್ಲೇ ಜಾರ್ಕೊಂಡು ಹೋಗಿ ಮಗಳ ತೊಡೆ ಮೇಲೆ ಕೂತಿರ್ತೀರ."

ಅವಳು ಹೆಲ್ಮೆಟ್ ಹಾಕಿಕೊಂಡೇ ಹೋಗಿ ಕಾರಿನಲ್ಲಿ ಕೂತಳು. ಸೀಟಿನ ತಲೆದಿಂಬು ಹಿಂದಿನಿಂದ ತಳ್ಳಿ ಗದ್ದವನ್ನು ಎದೆಗೆ ತಾಗಿಸಿತು. ಹೀಗಾದರೆ ರಸ್ತೆ ಕಾಣುವುದು ಹೇಗೆ? ಹಾಗೆಯೇ ಇಳಿದು ಎದುರುಮನೆಯ ಕ್ಲೆಮೆನ್ಸನ ಬಾಗಿಲು ಬಡಿದಳು. ಗ್ಯಾರೇಜು ಮುಚ್ಚಿದ ಮೇಲೂ ಅವನಿಗೆ ಕಾರು ಬಿಚ್ಚದಿದ್ದರೆ ನಿದ್ದೆ ಬರುತ್ತಿರಲಿಲ್ಲ.

"ಏಯ್ ರೋಸಿ, ಚಂದ್ರಲೋಕಕ್ಕೆ ಹೊರಟ್ಯಾ?" ಎಂದವನು ವಿಷಯ ಕೇಳಿ ಹುರುಪಾಗಿಬಿಟ್ಟ. ಶೆಡ್ಡಿನಿಂದ ಮೈಯನ್ನು ಎರಡೂ ಬದಿಯಿಂದ ಹಿಡಿದಿಡುವ ರೇಸ್ ಕಾರಿನ ಬಕೆಟ್ ಸೀಟೊಂದನ್ನೂ ನಾಲ್ಕು ಪಟ್ಟಿಯ ಬೆಲ್ಟನ್ನೂ ತಂದು, ಸಂಜೆಯೊಳಗೆ ಅವಳ ಪುಟ್ಟ ಕಾರಿಗೆ ಕೂರಿಸಿಯೂ ಆಯಿತು. ಮುಂದಿನ ಫಲಕದಲ್ಲಿ ಕೆಂಪು ದೀಪವೊಂದು ಹತ್ತಿಕೊಂಡಿತು.

"ಇದೇನೋ?"

"ಹಳೇ ಸೀಟಿನ ಏರ್‌ಬ್ಯಾಗ್ ತೆಗೆದ್ನಲ್ಲ, ಅದಕ್ಕೇ ಅಳ್ತಿದೆ. ನೀನು ಆ ಕಡೆ ನೋಡ್ಬೇಡ."

ಪಟ್ಟಿ ಬಿಗಿದಾಗ ಯಾರೋ ಗಟ್ಟಿಯಾಗಿ ತಬ್ಬಿ ಹಿಡಿದಂತಾಯಿತು. ಇನ್ನು ಭಯವಿಲ್ಲ ಅನ್ನಿಸಿತು.

ಭಾನುವಾರ ಮರೈಕೆ ಬಂದಳು. ಪಕ್ಕದ ಬಾಗಿಲು ತೆರೆದು ಬಗ್ಗಿ ಒಳಗೆ ನೋಡಿದವಳು ಹಾಗೆಯೇ ಮುಚ್ಚಿದಳು.

"ನಾನು ಹತ್ತಲ್ಲ."

"ಯಾಕೆ? ದಿನಾ ಕಂಡಕಂಡವರ ಪಕ್ಕ ಕೂರ್ತೀಯ. ಅಮ್ಮನ ಪಕ್ಕ ಕೂರೋಕೆ ನಾಚಿಕೇನಾ?"

"ನಾಚಿಕೆ ಅಲ್ಲಮ್ಮ. ನಿನ್ನನ್ನ ನಾಲ್ಕು ಪಟ್ಟೀಲಿ ಕಟ್ಟಿದ್ದಾರೆ, ನನ್ನ ಕಡೆ ಮಾಮೂಲಿ ಬೆಲ್ಟು. ಇಬ್ಬರಿಗೂ ಒಂದೇ ಥರ ಇಲ್ಲದ ಕಾರಿಗೆ ನಾನು ಹತ್ತಲ್ಲ. ಸಾಲದ್ದಕ್ಕೆ ಇದು ನಿನ್ನನ್ನ ಕಂಬಕ್ಕೆ ಬಿಗಿದ ಹಾಗೆ ನೆಟ್ಟಗೆ ಕೂರಿಸಿರುತ್ತೆ. ಕಾರು ಮಗುಚಿ ಛಾವಣಿ ಕುಸಿದ್ರೆ ಬಗ್ಗೋಕೂ ಆಗಲ್ಲ. ಒಳಗೆ ಕಬ್ಬಿಣದ ಪಂಜರ ಇರೋ ಕಾರಿಗೆ ಸರಿ ಇದು. ನಿನ್ನ ಕಾರಲ್ಲಿ ಎಲ್ಲಿದೆ ಪಂಜರ?"

ರೋಸ್ವಿತಾಳ ಕಣ್ಣು ತುಂಬಿತು. "ಅಂಗಡಿಯೋಳು ಒಂದು ಹೇಳ್ತಾಳೆ, ಯೋರಿಸ್ ಒಂದು, ಕ್ಲೆಮೆನ್ಸ್ ಇನ್ನೊಂದು. ಈಗ ನೀನು! ಯಾರ ಮಾತು ಕೇಳ್ಲೇ ನಾನು? ಮಗುಚುತ್ತಂತೆ! ನೀನೇನು ಕಂಡಿದ್ದೀಯಾ ಮಗುಚಿದ್ದನ್ನ?"

ಮರೈಕೆ ಕಾರಿನ ಮೂತಿಗೆ ಒರಗಿ ನಿಂತಳು. "ಕಂಡಿದ್ದೀನಿ. ಹೋದ ಶರತ್ಕಾಲದಲ್ಲಿ, ಬೇರೆ ಟ್ರ್ಯಾಕಲ್ಲಿ. ಓಡಿಸ್ತಿದ್ದೋನು ಇಂಥದೇ ಸೀಟು ಹಾಕಿಸಿದ್ದ. ನಾನು ಮಾಮೂಲಿ ಬೆಲ್ಟಲ್ಲಿ ಪಕ್ಕಕ್ಕೆ ಬಗ್ಗಿದೆ, ಉಳ್ಕೊಂಡೆ. ಅವನ ಕತ್ತು ಇನ್ನೂ ಸರಿಹೋಗಿಲ್ಲ."

"ಕ್ರಿಸ್‌ಮಸ್‌ಗೆ ಬಂದಾಗ ನಿನ್ನ ಕತ್ತೂ ಹಿಡ್ಕೊಂಡಿತ್ತಲ್ಲ. ದಿಂಬು ಸರಿ ಇಲ್ಲ ಅಂತ ನೀನೇ ಅಂದಿದ್ದೆ."

"ನಿಂಗೆ ಏನಂತ ಹೇಳ್ಲಿ?"

ರೋಸ್ವಿತಾಳಿಗೆ ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಆಗ ದಿಂಬು ಬದಲಾಯಿಸಿಕೊಟ್ಟದ್ದು ತಾನೇ. "ಆದ್ರೂ ದಿನಾ ಹೋಗ್ತೀಯ?"

"ಹೂಂ."

"ಯಾಕೆ?"

"ನಿಜವಾಗ್ಲೂ ಹೇಳೋಕೆ ಬರಲ್ಲಮ್ಮ. ನಿಂಗೆ ಈಗ ಯಾಕೆ ಹೋಗ್ಬೇಕು ಅನ್ಸಿದೆ?"

ರೋಸ್ವಿತಾಳಿಗೆ ಮಗಳು ದಿನವೆಲ್ಲ ಕಳೆಯುವ ಜಾಗ ಹೇಗಿದೆಯೋ ನೋಡಬೇಕೆಂದಿತ್ತೇನೋ. ಈಗ ನೋಡಬೇಕೆನ್ನಿಸುತ್ತಿದೆಯೋ ಬೇಡವೋ, ಅದೂ ಸ್ಪಷ್ಟವಿಲ್ಲ. ಕೊನೆಗೆ ಬೀದಿ ದಾಟಿ ಹೋಗಿ, "ಕ್ಲೆಮೆನ್ಸ್, ಹಳೇ ಸೀಟು ತಗೊಂಬಾ," ಎಂದಳು.

ಅವನು ಗೊಣಗಿದ. "ಹಾಕು ಅಂದ್ರೆ ಹಾಕ್ಬೇಕು, ತೆಗಿ ಅಂದ್ರೆ ತೆಗೀಬೇಕು!" ಆದರೆ ಮರೈಕೆ ಹೇಳಿದ್ದನ್ನು ಕೇಳಿದ ಮೇಲೆ ತಂತಿಗಳನ್ನೆಲ್ಲ ಸರಿಯಾಗಿ ಜೋಡಿಸಿ, ಕೆಂಪು ದೀಪ ಆರುವ ತನಕ ಏಳಲಿಲ್ಲ.

ಮರೈಕೆ ಸೀಟಿನ ಬೆನ್ನಾಸರೆಯನ್ನು ಕೊಂಚ ಹಿಂದಕ್ಕೆ ಬಾಗಿಸಿದಳು. ಹೆಲ್ಮೆಟ್ ಹಾಕಿ ಕೂತ ತಾಯಿಯ ಗದ್ದ ಎದೆಯಿಂದ ಮೇಲೆದ್ದಿತು. "ಹೆಲ್ಮೆಟ್ ಚೆನ್ನಾಗಿದೆ, ಬೇರೆ ಏನೂ ಬೇಡ," ಎಂದಾಗ ರೋಸ್ವಿತಾಳಿಗೆ ಬಹುಮಾನ ಬಂದಷ್ಟು ಸಂತೋಷವಾಯಿತು.

ಟ್ರ್ಯಾಕಿನಲ್ಲಿ ಎಲ್ಲ ಕಾರುಗಳೂ ಅವರನ್ನು ಹಿಂದಿಕ್ಕಿ ಹೋದವು. ಬಾಯಿಪಾಠವಾಗಿದ್ದ ತಿರುವುಗಳಲ್ಲಿ ಒಂದರ ಗುರುತೂ ಸಿಗಲಿಲ್ಲ. ಎಲ್ಲವೂ ಇಳಿಜಾರಾಗಿ, ಅಗಲವಾಗಿ, ಬೇರೆ ಯಾರದೋ ಊರಿನಂತಿತ್ತು. "ಈಗ ಬ್ರೇಕು. ಬಿಡು. ದೂರ ನೋಡಮ್ಮ, ದೂರ," ಎಂದು ಮಗಳು ಮೆಲ್ಲನೆ ಹೇಳುತ್ತಲೇ ಇದ್ದಳು. ಅಷ್ಟು ಮೃದುವಾದ ದನಿಯನ್ನು ತಾಯಿ ಮನೆಯಲ್ಲೆಂದೂ ಕೇಳಿರಲಿಲ್ಲ. ಒಮ್ಮೆ ಹಿಂದಿನ ಚಕ್ರ ತುಸು ಜಾರಿತು. ರೋಸ್ವಿತಾ ಸ್ಟೀರಿಂಗ್ ಬಿಟ್ಟು ಮಗಳ ಎದೆಗೆ ಅಡ್ಡ ಕೈ ಹಿಡಿದಳು.

"ಅಮ್ಮಾ, ಕೈ! ಕೈ ಸ್ಟೀರಿಂಗ್ ಮೇಲೆ!"

ಹೊರಗೆ ಬಂದು ನಿಲ್ಲಿಸಿದ ಮೇಲೆ ಇಬ್ಬರೂ ಇಳಿಯಲಿಲ್ಲ. ಮರೈಕೆಗೆ ನಗು ತಡೆಯಲಾಗಲಿಲ್ಲ. "ಮತ್ತೆ ಬರ್ತೀಯಾ?"

"ತಡಿ, ಮೊದ್ಲು ಇದನ್ನ ತೆಗಿ. ಏನೂ ಕೇಳಿಸ್ತಿಲ್ಲ," ಎಂದು ರೋಸ್ವಿತಾ ಹೆಲ್ಮೆಟ್ಟಿನ ಪಟ್ಟಿ ಬಿಗಿದ ಗದ್ದವನ್ನು ಮಗಳ ಕಡೆಗೆ ಎತ್ತಿ ಹಿಡಿದಳು.