ಬಂದೇನವಾಜ ಬಾರಾಬಂದಿ ತೊಟ್ಟದ್ದು

ವಿಜಾಪುರದ ಜೋರಾಪುರ ಪೇಟೆಯಲ್ಲಿ ಟೇಲರ್ ಬಂದೇನವಾಜನ ಹೆಸರು ಹೇಳಿದರೆ ಕಾಲೇಜು ಹುಡುಗರು ಕಾಲರ್ ಎತ್ತಿಕೊಳ್ಳುತ್ತಿದ್ದರು. ಮೈಗೆ ಅಂಟಿ ಕೂರುವ ಅಂಗಿ, ಬೀದಿ ಗುಡಿಸುವಂಥ ಬೆಲ್‌ಬಾಟಮ್ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರು ಆ ಪೇಟೆಯಲ್ಲಿ ಇರಲಿಲ್ಲ. ಅಂಥವನು ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ, ತಿಕೋಟಾದ ಅಕ್ಕನ ಮನೆಯ ಒಳಕೋಣೆಯಲ್ಲಿ, ತೊಡಲು ಒಂದು ಬಟ್ಟೆ ಸಿಗದೆ, ಹೆಗಲ ಮೇಲೆ ಟಾವೆಲ್ ಹೊದ್ದು ಗೋಡೆಗೆ ಮುಖ ಮಾಡಿ ಕುಳಿತಿದ್ದ.

ಕಾರಣ ನಾನೇ ಹೇಳಿಬಿಡುತ್ತೇನೆ, ಅವನಂತೂ ಸತ್ತರೂ ಬಾಯಿ ಬಿಡುವವನಲ್ಲ. ಹದಿನಾಲ್ಕನೆಯ ವಯಸ್ಸಿಗೆ ಅವನ ಎದೆ ಹೆಣ್ಣುಮಕ್ಕಳ ಎದೆಯ ಹಾಗೆ ಬೆಳೆಯತೊಡಗಿತು. ಇವತ್ತು ಇಳಿದೀತು, ನಾಳೆ ಇಳಿದೀತು ಎಂದು ಕಾದ. ಮೀಸೆ ಬಂತು, ದನಿ ಒಡೆಯಿತು, ಅದು ಮಾತ್ರ ಇಳಿಯಲಿಲ್ಲ. ಬಾವಿಯಲ್ಲಿ ಈಜುವುದು ಬಿಟ್ಟ. ಒಳಗೆ ದಪ್ಪ ಬಟ್ಟೆಯ ಪಟ್ಟಿ ಬಿಗಿದು, ಮೇಲೆ ಅಂಗಿ ತೊಟ್ಟು, ಅದರ ಮೇಲೆ ಮೇ ತಿಂಗಳಲ್ಲೂ ಜಾಕೀಟು ಹಾಕಿಕೊಂಡ. ಹೀಗೆ ಹನ್ನೆರಡು ವರ್ಷ ದೂಡಿದ ಮೇಲೆ ಗೋಳಗುಮ್ಮಟದ ಕಡೆಯ ಮುನೀರಾ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ನಿಕಾಹ್‌ನ ಹಿಂದಿನ ದಿನ ಅರಿಶಿನ. ಮದುಮಗನನ್ನು ಬರಿಮೈಯಲ್ಲಿ ಮಣೆಯ ಮೇಲೆ ಕೂರಿಸಿ ಎರಡೂ ಮನೆಯ ಹೆಂಗಸರು ಎದೆಗೆ, ಬೆನ್ನಿಗೆ ಬಳಿಯುತ್ತಾರೆ, ನಗುತ್ತಾರೆ, ಕಾಡಿಸುತ್ತಾರೆ. ಆ ಮಣೆ ನೆನೆದರೆ ಸಾಕು, ಬಂದೇನವಾಜನ ಕೈಕಾಲು ತಣ್ಣಗಾಗುತ್ತಿದ್ದವು.

ಸೂಟು ಕಟಿಂಗ್ ಕಲಿತು ಬರುತ್ತೇನೆಂದು ಅವ್ವನಿಗೆ ಸುಳ್ಳು ಹೇಳಿ ಸೊಲ್ಲಾಪುರದ ದವಾಖಾನೆಗೆ ಹೋದ. "ಇದೇನ್ ರೋಗ ಅಲ್ಲಪಾ, ಹಂಗs ಬಿಟ್ರೂ ನಡೀತೈತಿ. ನಿನ್ನ ಮನಸ್ಸಿನ ಸಮಾಧಾನಕ್ಕ ಬೇಕಂದ್ರ ತಗದ್ ಹಾಕ್ತೀನಿ" ಎಂದರು ಡಾಕ್ಟರು. ತೆಗೆದರು. ಅಲ್ಲಿಂದ ಮೈತುಂಬ ಚಾದರ ಹೊದ್ದು ಸೀದಾ ತಿಕೋಟಾದ ಬಸ್ಸು ಹತ್ತಿ ಅಕ್ಕ ನೂರಜಹಾನಳ ಮನೆ ಸೇರಿದ. ಅವಳಿಗೂ ಅವಳ ಗಂಡ ಲಾಡಲೇಸಾಬನಿಗೂ ಬಿಟ್ಟು ಈ ವಿಷಯ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಹೇಳುವುದಾದರೂ ಹೇಗೆ? ಎಮರ್ಜೆನ್ಸಿಯ ಆ ವರ್ಷ ಆಪರೇಶನ್ ಅಂದರೆ ಊರಿಗೆಲ್ಲ ತಿಳಿದದ್ದು ಒಂದೇ ಆಪರೇಶನ್, ಮಕ್ಕಳಾಗದ ಹಾಗೆ ಮಾಡುವುದು. ಮದುವೆಯ ಗಂಡು ಅದನ್ನು ಮಾಡಿಸಿಕೊಂಡನಂತೆ ಎಂಬ ಸುದ್ದಿ ಹಬ್ಬಿದರೆ ನಿಕಾಹ್ ಅಲ್ಲಿಗೇ ಮುಗಿಯಿತು. ನಿಜವಾದ ಸುದ್ದಿ ಹಬ್ಬಿದರೆ? ಅದಕ್ಕಿಂತ ಆ ಸುಳ್ಳೇ ವಾಸಿ ಅನ್ನಿಸುವಷ್ಟು ನಾಚಿಕೆ ಅವನಿಗೆ.

ಇನ್ನು ಬಟ್ಟೆಯ ಮಾತು. ಅಲ್ಲ, ಹತ್ತು ವರ್ಷ ಕತ್ತರಿ ಹಿಡಿದವನಿಗೆ ಇಷ್ಟೂ ತಿಳಿಯಬಾರದೇ? ಸೊಲ್ಲಾಪುರಕ್ಕೆ ಹೋಗುವ ಮುಂಚೆ ಆಸೆಯಿಂದ ತನಗಾಗಿ ಎರಡು ಅಂಗಿ ಹೊಲಿದಿಟ್ಟುಕೊಂಡಿದ್ದ. ಹೊಸ ಎದೆ, ಮೂವತ್ತಾರರ ಅಳತೆ, ಟೆರಿಕಾಟ್, ಸೊಂಟದಲ್ಲಿ ಬಿಗಿ, ಬೆನ್ನಿಗೆ ಪಟ್ಟಿ. ಆಪರೇಶನ್ ಆದ ಮೈ ಊದಿಕೊಳ್ಳುತ್ತದೆ ಎಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಎರಡೂ ಕಡೆ ಹೊಲಿಗೆ, ಸುತ್ತ ದಪ್ಪನೆಯ ಪಟ್ಟಿ, ಕೈ ಹೆಗಲ ಮಟ್ಟಕ್ಕೂ ಏಳುವುದಿಲ್ಲ. ಆ ಅಂಗಿಗಳ ಗುಂಡಿ ಹಾಕುವುದಿರಲಿ, ತೋಳೂ ಒಳಗೆ ಹೋಗಲಿಲ್ಲ. ಮುಂದೆ ತೆರೆಯುವ, ಮೆತ್ತನೆಯ, ಸಡಿಲಾದ ಬಟ್ಟೆ ತೊಡು ಎಂದು ಡಾಕ್ಟರು ಹೇಳಿದ್ದರು. ಸಡಿಲಾದ ಅಂಗಿ ಹೊಲಿಯುವವರನ್ನು ಕಂಡರೇ ನಗುತ್ತಿದ್ದ ಟೇಲರ್ ಇವನು!

ನೂರಜಹಾನ ಒಂದೊಂದಾಗಿ ತಂದಳು. ಜುಬ್ಬಾ ತಲೆಯ ಮೇಲಿಂದ ತೊಡಬೇಕು, ಕೈ ಏಳದು. ಗಂಡನ ಅಂಗಿ ಮುಂದೆ ತೆರೆಯುತ್ತಿತ್ತು, ಆದರೆ ಗಂಜಿ ಹಾಕಿದ ಅದರ ಗುಂಡಿಪಟ್ಟಿ ಸರಿಯಾಗಿ ಗಾಯದ ಮೇಲೇ ಉಜ್ಜಿ, ಅರ್ಧ ತಾಸಿಗೆ ಅವನ ಕಣ್ಣಲ್ಲಿ ನೀರು ಬಂತು. ಕೊನೆಗೆ ಆಕೆ ಟ್ರಂಕಿನ ತಳದಿಂದ ತನ್ನದೇ ಹಳೆಯ ಕುಪ್ಪಸ ತೆಗೆದಳು. ಬಾಣಂತಿ ಇದ್ದಾಗ ತೊಟ್ಟದ್ದು, ಮುಂದೆ ತೆರೆಯುವಂಥದು, ಒಗೆದು ಒಗೆದು ಬೆಣ್ಣೆಯ ಹಾಗೆ ಆಗಿತ್ತು.

"ಒಳಗs ಕುಂದರಾಂವ, ಯಾರ್ ನೋಡ್ತಾರೋ? ಹಾಕ್ಕೋ" ಎಂದಳು.

"ಆಪಾ! ಇದನ್ನ ಹಾಕ್ಕೊಳ್ಳಾಕ ನಾ ಎದಿ ಕೊಯ್ಸಿಕೊಂಡೆನೇನು?" ಎಂದು ಅವನು ಕೂಗಿದ. ಕೂಗಿದ್ದಕ್ಕೆ ಎದೆ ನೊಂದಿತು, ನೊಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಅಕ್ಕ ಕುಪ್ಪಸ ಮಡಚಿ ಒಳಗಿಟ್ಟಳು.

ಮರುದಿನ ಮುಂಜಾನೆ ಬಬಲೇಶ್ವರದ ಪರಸವ್ವ ಬಂದಳು. ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುವ ಹೆಂಗಸು. ವರ್ಷಕ್ಕೊಮ್ಮೆ ತಿಕೋಟಾಕ್ಕೆ ಬಂದು ಮನೆಮನೆಯ ಕಟ್ಟೆಯ ಮೇಲೆ ಕುಳಿತು ಹೊಲಿದುಕೊಟ್ಟು ಹೋಗುತ್ತಿದ್ದಳು. ಮುದುಕರಿಗೆ ಬಾರಾಬಂದಿ ಹೊಲಿಯುವುದೂ ಅವಳಿಗೆ ಗೊತ್ತಿತ್ತು. ಗುಂಡಿಯಿಲ್ಲದೆ, ಒಂದು ಸೆರಗು ಇನ್ನೊಂದರ ಮೇಲೆ ಹಾಯ್ದು, ಮಗ್ಗುಲಲ್ಲಿ ಒಳಗೂ ಹೊರಗೂ ಲಾಡಿಯಂಥ ಕಸೆ ಕಟ್ಟುವ ಆ ಹಳೇ ಕಾಲದ ಅಂಗಿ ನೂರಜಹಾನಳಿಗೆ ಥಟ್ಟನೆ ನೆನಪಾಯಿತು. ಬಾರಾಬಂದಿ ಎಂಬ ಹೆಸರು ಕೇಳಿ ಬಂದೇನವಾಜ ಮುಖ ಕಿವಿಚಿದ. ಆದರೆ ಟಾವೆಲ್ಲಿನಲ್ಲಿ ಎಷ್ಟು ದಿನ ಕೂರುವುದು? ಒಳಗಿನಿಂದಲೇ ಅಳತೆ ಹೇಳಿ ಕಳಿಸಿದ, ಎದೆ ಇಷ್ಟು ಇಂಚು, ತೋಳು ಇಷ್ಟು ಇಂಚು ಎಂದು.

"ನನಗ ಇಂಚು ಪಿಂಚು ತಿಳಿಯಂಗಿಲ್ಲವಾ. ದಾರ ಸುತ್ತಿ ನೋಡಬೇಕು" ಎಂದು ಪರಸವ್ವ ನೂರಜಹಾನಳಿಗೆ ಹೇಳುತ್ತಲೇ ಒಳಗೆ ಬಂದುಬಿಟ್ಟಳು.

"ಎದಿ ಮ್ಯಾಲ ಕುರು ಆಗಿತ್ತು ಬೇ, ಕೊಯ್ಸೇವಿ" ಎಂದಳು ನೂರಜಹಾನ ಅವಸರದಿಂದ.

ಪರಸವ್ವ ಪಟ್ಟಿಯನ್ನು ನೋಡಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. "ಎರಡೂ ಕಡೆ ಸರೀಸಾಟಿ ಕುರು ಆಗಿದ್ವೇನ ಯಪ್ಪಾ?" ಎಂದಳು.

ಬಂದೇನವಾಜನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ದಾರ ಸುತ್ತಿ, ಗಂಟು ಹಾಕಿ ಗುರುತು ಮಾಡಿಕೊಂಡು ಹೊರಗೆ ಹೋದಳು. ಅವಳ ಬಟ್ಟೆಯ ಗಂಟು ಹೊತ್ತು ಬಂದ ಮಗ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ಚಿಂದಿ ಆರಿಸುತ್ತಿದ್ದ. ಒಳಗಿನವನು ಅವನನ್ನು ನೋಡಲಿಲ್ಲ, ಅವನು ಒಳಗಿನವನನ್ನು ನೋಡಲಿಲ್ಲ.

ಹೊತ್ತು ಇಳಿಯುವ ಮುಂಚೆ ಬಾರಾಬಂದಿ ಆಯಿತು. ಯಾರದೋ ಹತ್ತಾರು ವರ್ಷ ಒಗೆದ ಧೋತರದ ಬಟ್ಟೆ, ಕಂಕುಳಲ್ಲಿ ಅಗಲ, ಹೊಲಿಗೆಯ ಅಂಚೆಲ್ಲ ಹೊರಮಗ್ಗುಲಿಗೆ ತಿರುವಿ ಹಾಕಿದ್ದಳು, ಗಾಯಕ್ಕೆ ತಾಗಬಾರದೆಂದು. ಆ ಹೊರಗಿನ ಹೊಲಿಗೆಯನ್ನು ನೋಡಿ ಬಂದೇನವಾಜನೊಳಗಿನ ಟೇಲರ್ ಬಾಯಿ ಮುಚ್ಚಿಕೊಂಡ. ತಾನಾದರೆ ಅಂದ ನೋಡುತ್ತಿದ್ದ, ಗಾಯ ನೋಡುತ್ತಿರಲಿಲ್ಲ. ಕೈ ಎತ್ತದೆಯೇ ತೋಳು ಒಳಗೆ ಹೋದವು. ಬಟ್ಟೆ ಮೈಮೇಲೆ ಬಿದ್ದದ್ದೇ ಗೊತ್ತಾಗಲಿಲ್ಲ. ಎಂಟು ದಿನದಲ್ಲಿ ಮೊದಲ ಸಲ ಅವನು ನಿರಾಳವಾಗಿ ಉಸಿರು ಬಿಟ್ಟ.

ಒಳಗಿನ ಕಸೆ ಕಟ್ಟುತ್ತಾ ಪರಸವ್ವ ದನಿ ತಗ್ಗಿಸಿದಳು. "ಯಪ್ಪಾ, ತಪ್ಪ ತಿಳಕೋಬ್ಯಾಡ. ನನ್ನ ಮಗಗೂ ನಿನ್ನಂಗs ಐತಿ. ಧೂಳಪ್ಪ ಅಂತ. ಹೊರಗ ಕುಂತಾನ ನೋಡು, ಅವನs."

ಜಗತ್ತಿನಲ್ಲಿ ಇಂಥದ್ದು ತನಗೊಬ್ಬನಿಗೇ ಎಂದು ಇಲ್ಲಿಯವರೆಗೆ ಬಂದೇನವಾಜ ತಿಳಿದಿದ್ದ.

"ಎರಡ ವರ್ಷಾತು, ಅವ ವಿಜಾಪುರದ ಕಡೆ ತಲಿ ಹಾಕಿಲ್ಲ. ಕನ್ಯಾ ನೋಡಾಕ ಹೋಗಬೇಕಂತ ಜೋರಾಪುರ ಪೇಟ್ಯಾಗ ಒಂದ ಅಂಗಿ ಹೊಲಸಾಕ ಹೋಗಿದ್ದ. ಅಲ್ಲಿ ಟೇಲರ್ ಎಲ್ಲಾರ ಮುಂದ ಅಳತಿ ಒದರಿದನಂತ. ಒದರಿ, ಇಂವಗ ಅಂಗಿ ಅಲ್ಲೋ, ಕುಪ್ಪಸದ ಪುಸ್ತಕದಾಗ ಬರಕೋ ಅಂದನಂತ. ಅಂಗಡಿ ಮಂದಿ ಬಿದ್ದ ಬಿದ್ದ ನಕ್ಕರಂತ. ಹೊಸಾ ಅರಿವಿ ಅಲ್ಲೇ ಒಗದ ಓಡಿ ಬಂದ ನನ್ನ ಕೂಸು. ಆವತ್ತಿನಿಂದ ಕನ್ಯಾ ಬ್ಯಾಡ ಅಂತಾನ, ಬಾವಿ ಬ್ಯಾಡ ಅಂತಾನ. ನಾ ಹೊಲಿದ ಬಾರಾಬಂದಿ ಒಂದ ಹಾಕ್ಕೋತಾನ, ಎದಿ ಮುಚ್ಚತೈತಿ ಅಂತ."

ಬಂದೇನವಾಜನ ಅಂಗಡಿಯ ಪದ್ಧತಿಯೇ ಅದು. ಅವನು ಟೇಪು ಹಿಡಿದು ಅಳತೆ ಗಟ್ಟಿಯಾಗಿ ಕೂಗುವುದು, ಆಚೆ ಕುಳಿತ ಹುಸೇನಸಾಬ ಪುಸ್ತಕದಲ್ಲಿ ಬರೆದುಕೊಳ್ಳುವುದು. ಒಂದು ಪುಸ್ತಕ ಗಂಡಸರದು, ಒಂದು ಹೆಂಗಸರದು. ಕೂಗುವಾಗ ಒಬ್ಬರ ಹೊಟ್ಟೆಗೆ, ಇನ್ನೊಬ್ಬರ ಗೂನಿಗೆ ಒಂದು ಗೇಲಿಯ ಮಾತು ಸೇರಿಸಿದರೆ ಗಿರಾಕಿಗಳು ಖುಷಿ. ಎಲ್ಲರೂ ಇನ್ನೊಬ್ಬರ ಮೈ ನೋಡಿ ನಗುತ್ತಿದ್ದರೆ ತನ್ನ ಜಾಕೀಟಿನ ಕಡೆ ಯಾರ ಕಣ್ಣೂ ಬರುವುದಿಲ್ಲ. ಆ ದಿನ ಬಂದ ಹುಡುಗನ ಎದೆಗೆ ಟೇಪು ಸುತ್ತಿದಾಗ ಅವನ ಬೆರಳಿಗೆ ಗೊತ್ತಾಗಿತ್ತು. ಗೊತ್ತಾಗಿ ಜೀವ ಜಲ್ಲೆಂದಿತ್ತು. ಪಕ್ಕದಲ್ಲಿ ನಿಂತ ತನ್ನನ್ನೂ ಅವನನ್ನೂ ಜನ ಜೋಡಿಸಿ ನೋಡಿಯಾರೆಂದು ಹೆದರಿ, ಎಲ್ಲರಿಗಿಂತ ಜೋರಾಗಿ ಕೂಗಿದ್ದ. ಹುಡುಗನ ಮುಖವನ್ನೂ ನೋಡಿರಲಿಲ್ಲ. ಥೂ, ಅದೂ ಒಂದು ಗಂಡಸುತನವೇ? ಅವನೇ ಈಗ ತನ್ನನ್ನು ಹಾಗೆ ಕೇಳಿಕೊಂಡ.

ಪರಸವ್ವ ಮಾತು ಮುಂದುವರಿಸಿದಳು. "ಯಾವ ದವಾಖಾನಿ ಅದು ಹೇಳು. ನಾ ಹೇಳಿದ್ರ ಅವ ನಂಬಂಗಿಲ್ಲ, ಸುಮ್ನ ಸಮಾಧಾನಕ್ಕ ಹೇಳ್ತಿ ಅಂತಾನ. ನೀ ಒಂದ ಸಲ ಹೊರಗ ಬಂದು ನಿನ್ನ ಬಾಯಿಲೆ ಹೇಳು. ನಿನ್ನ ಕಾಲಿಗೆ ಬೀಳ್ತೇನಿ."

ಹೊರಗೆ! ಎದುರಿನ ಕಟ್ಟೆಯ ಮೇಲೆ ಆ ಮನೆಯ ಬಸಲಿಂಗಯ್ಯ ಸದಾ ಪೇಪರ್ ಹಿಡಿದು ಕುಳಿತಿರುತ್ತಾನೆ. ಅವನ ಕಣ್ಣಿಗೆ ಬಿದ್ದದ್ದು ಸಂಜೆಯ ಬಸ್ಸಿಗೆ ವಿಜಾಪುರ ಮುಟ್ಟುತ್ತದೆ. ದವಾಖಾನೆಯ ಹೆಸರು ಇಲ್ಲಿಂದಲೇ ಹೇಳಿದರಾಯಿತು, ಚೀಟಿಯಲ್ಲಿ ಬರೆದುಕೊಟ್ಟರೂ ಆಯಿತು. ಈಕೆಗೆ ತನ್ನ ಹೆಸರು ಗೊತ್ತಿಲ್ಲ, ಕಸಬು ಗೊತ್ತಿಲ್ಲ. ಅಷ್ಟಕ್ಕೆ ಮುಗಿಸಬಹುದಿತ್ತು. ಬಂದೇನವಾಜ ದವಾಖಾನೆಯ ಹೆಸರು ಹೇಳಿಯೂ ಹೇಳಿದ. ಹೇಳಿದ ಮೇಲೆ ಆಕೆ ಅವನ ಮುಖ ನೀವಿ ನೆಟಿಕೆ ಮುರಿದಳು ನೋಡಿ, ಅದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಯಮ್ಮಾ, ಮುಟ್ಟಬ್ಯಾಡ. ಆ ಟೇಲರ್ ನಾನs" ಎಂದ.

ಪರಸವ್ವನ ಕೈ ನಿಂತಿತು. ಬಾಗಿಲಲ್ಲಿ ನಿಂತಿದ್ದ ನೂರಜಹಾನ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಪರಸವ್ವ ಬಯ್ಯುತ್ತಾಳೆ ಎಂದು ಅವನು ಕಾದ. ಬಯ್ದಿದ್ದರೆ ಚೆನ್ನಾಗಿತ್ತು. ಆಕೆ ಅವನ ಪಟ್ಟಿಯನ್ನು ನೋಡಿದಳು, ತಾನು ಹೊಲಿದ ಬಟ್ಟೆಯನ್ನು ನೋಡಿದಳು.

"ನಿನಗೂ ಇತ್ತಲ್ಲೋ" ಎಂದಳು. ಅಷ್ಟೇ ಅಂದಳು. ಆಮೇಲೆ ಮತ್ತೆ ಕಸೆ ಹಿಡಿದು, "ಹೊರಗಿನ ಕಸಿ ಕಟ್ಟೂದು ಉಳದಾವು. ಕೈ ತಗಿ" ಎಂದಳು.

"ಬ್ಯಾಡ" ಎಂದ ಬಂದೇನವಾಜ. "ಇದ್ದಂಗs ಇರಲಿ. ಒಳಗಿನವನ್ನೂ ಬಿಚ್ಚು."

ಆಕೆ ಬಿಚ್ಚಿದಳು. ಅವನು ಗೋಡೆ ಹಿಡಿದುಕೊಂಡು ಎದ್ದ. ಬಾರಾಬಂದಿಯ ಎರಡೂ ಸೆರಗು ಮಗ್ಗುಲಿಗೆ ಜೋತುಬಿದ್ದು, ಹಳದಿ ಮದ್ದಿನ ಕಲೆಯ ಪಟ್ಟಿ ಪೂರ್ತಿ ಕಾಣುತ್ತಿತ್ತು. "ಎಲ್ಲಿ ಹೊಂಟೀಯೋ, ಮಂದಿ ಅದಾರು!" ಎಂದು ಅಕ್ಕ ಅಡ್ಡ ಬಂದಳು. ಅವನಿಗೂ ಗೊತ್ತಿತ್ತು, ಮಂದಿ ಇದ್ದಾರೆಂದು. ಹೊಸ್ತಿಲು ದಾಟುವಾಗ ನಾಚಿಕೆಯಿಂದ ಅವನ ಕಿವಿ ಸುಡುತ್ತಿದ್ದವು. ಹನ್ನೆರಡು ವರ್ಷದಲ್ಲಿ ಅವನು ಎದೆ ತೆರೆದು ಬಿಸಿಲಿಗೆ ಬಂದದ್ದು ಅದೇ ಮೊದಲು.

ಎದುರಿನ ಕಟ್ಟೆಯ ಮೇಲೆ ಬಸಲಿಂಗಯ್ಯ ಪೇಪರ್ ಕೆಳಗಿಳಿಸಿದ. ನೀರಿಗೆ ಹೊರಟ ಇಬ್ಬರು ಹೆಂಗಸರು ಅಲ್ಲೇ ನಿಂತರು.

ಬೇವಿನ ಗಿಡದ ಕೆಳಗಿನ ಧೂಳಪ್ಪ ತಲೆ ಎತ್ತಿದ. ಮೊದಲು ಮುಖ ನೋಡಿದ, ಗುರುತು ಹಿಡಿದ. ಕೈಯಲ್ಲಿದ್ದ ಚಿಂದಿ ಕೆಳಗೆ ಬಿತ್ತು, ಎದ್ದು ನಿಂತ. ಹೊಡೆಯುತ್ತಾನೋ, ಓಡಿಹೋಗುತ್ತಾನೋ ಹೇಳುವ ಹಾಗಿರಲಿಲ್ಲ. ಆಮೇಲೆ ಅವನ ಕಣ್ಣು ಪಟ್ಟಿಯ ಮೇಲೆ ಬಿತ್ತು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಅಲ್ಲೇ ನಿಂತಿತು.

"ನಿನ್ನ ಅಳತಿ ಒದರಿದಾಂವ ನಾನs" ಎಂದ ಬಂದೇನವಾಜ. ಮಂದಿ ಕೇಳಲಿ ಎಂದೇ ಅಂದ. "ನನಗೂ ನಿನ್ನಂಗs ಇತ್ತು. ಅದಕ್ಕs ಒದರಿದೆ. ಈಗ ಕೊಯ್ಸಿಕೊಂಡ ಬಂದೇನಿ. ನೀ ನನ್ನ ನೋಡಿ ನಗು. ಎಷ್ಟ ನಗತಿ ನಗು."

ಧೂಳಪ್ಪ ನಗಲಿಲ್ಲ. ಒಮ್ಮೆ ಹಿಂದೆ ತಿರುಗಿ ಬಸಲಿಂಗಯ್ಯನ ಕಟ್ಟೆ ನೋಡಿದ, ನಿಂತ ಹೆಂಗಸರನ್ನು ನೋಡಿದ. ನಾಲ್ಕು ಹೆಜ್ಜೆ ಮುಂದೆ ಬಂದು ಅವರಿಗೆ ಬೆನ್ನು ಮಾಡಿ, ಬಂದೇನವಾಜ ಅವರಿಗೆ ಕಾಣದ ಹಾಗೆ ಅಡ್ಡ ನಿಂತ. ಜೋತುಬಿದ್ದ ಸೆರಗುಗಳನ್ನು ಎರಡೂ ಕೈಯಿಂದ ಹಗುರವಾಗಿ ಎಳೆದು ಪಟ್ಟಿ ಮುಚ್ಚಿದ.

"ಭಾಳ ಬ್ಯಾನಿ ಆತೇನ್ರಿ?" ಎಂದು ಕೇಳಿದ, ಇನ್ನೊಬ್ಬರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ.

ಬಂದೇನವಾಜ ಇಲ್ಲ ಎನ್ನಲು ಬಾಯಿ ತೆರೆದ. ಆ ಹುಡುಗನ ಕೈಯ ನಡುವೆ ನಿಂತುಕೊಂಡೇ, ತಲೆ ತಗ್ಗಿಸಿ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.